555ರ ಚೌಕ ತರಂಗದಲ್ಲಿ ಸಮ ಹಾರ್ಮೋನಿಕ್‌ಗಳು ಎಲ್ಲಿಂದ ಬಂದವು?

ಪ್ರಶ್ನೆ: ಲ್ಯಾಬ್‌ಮೇಟ್

ಎಲ್ಲರಿಗೂ ನಮಸ್ಕಾರ. ನಾನು ಎಲೆಕ್ಟ್ರಾನಿಕ್ಸ್ ವಿಭಾಗದ ಎರಡನೆಯ ವರ್ಷದಲ್ಲಿ ಓದುತ್ತಿದ್ದೇನೆ. ಚೌಕ ತರಂಗದ ಫೋರಿಯರ್ ಶ್ರೇಣಿಯನ್ನು (ತರಂಗವನ್ನು ಸೈನ್ ತರಂಗಗಳ ಮೊತ್ತವಾಗಿ ಬರೆಯುವುದನ್ನು) ತರಗತಿಯಲ್ಲಿ ಈಗಷ್ಟೇ ಮುಗಿಸಿದ್ದೇವೆ. +1 ಮತ್ತು −1ರ ನಡುವೆ ಜಿಗಿಯುವ ತರಂಗವನ್ನು ಬಿಡಿಸಿದರೆ ಮೂಲ ಆವೃತ್ತಿಯ ಸೈನ್ ತರಂಗದ ಪಾರವು (ಆಂಪ್ಲಿಟ್ಯೂಡ್) 4/ಪೈ, ಅಂದರೆ ಸುಮಾರು 1.273 ಬರುತ್ತದೆ, ಮೂರನೆಯ ಹಾರ್ಮೋನಿಕ್ (ಮೂಲ ಆವೃತ್ತಿಯ ಮೂರು ಪಟ್ಟು ಆವೃತ್ತಿಯ ಸೈನ್) ಅದರ ಮೂರನೇ ಒಂದು ಪಾಲು, ಐದನೆಯದು ಐದನೇ ಒಂದು ಪಾಲು, ಏಳನೆಯದು ಏಳನೇ ಒಂದು ಪಾಲು, ಸಮಸಂಖ್ಯೆಯ ಹಾರ್ಮೋನಿಕ್‌ಗಳೆಲ್ಲ ಸೊನ್ನೆ. ಅನುಕಲನ ಮಾಡಿ ಇದನ್ನು ಸಾಧಿಸುವ ಹಂತಗಳು ನನಗೆ ಅರ್ಥವಾಗಿವೆ.

ತೊಂದರೆ ಬಂದಿರುವುದು ಲ್ಯಾಬಿನಲ್ಲಿ. ಬ್ರೆಡ್‌ಬೋರ್ಡಿನ ಮೇಲೆ 555 ಟೈಮರ್ ಐಸಿಯನ್ನು ಅಸ್ಟೇಬಲ್ ಆಗಿ, ಅಂದರೆ ತನ್ನಷ್ಟಕ್ಕೆ ಮೇಲೆ ಕೆಳಗೆ ಜಿಗಿಯುತ್ತಿರುವಂತೆ, ಜೋಡಿಸಿದೆ. ಮೇಲಿನ ರೆಸಿಸ್ಟರ್ 1 ಕಿಲೋಓಮ್, ಕೆಳಗಿನದು 6.8 ಕಿಲೋಓಮ್, ಕೆಪ್ಯಾಸಿಟರ್ 0.1 ಮೈಕ್ರೋಫ್ಯಾರಡ್. ಆವೃತ್ತಿ ಸೂತ್ರದಂತೆಯೇ ಸುಮಾರು 990 ಹರ್ಟ್ಸ್ ಬಂತು, ಡಿಜಿಟಲ್ ಆಸಿಲೊಸ್ಕೋಪಿನ ಪರದೆಯ ಮೇಲೆ ತರಂಗವೂ ಕಣ್ಣಿಗೆ ಚೌಕವಾಗಿಯೇ ಕಂಡಿತು. ಆದರೆ ಎಫ್‌ಎಫ್‌ಟಿ (ತರಂಗದಲ್ಲಿರುವ ಆವೃತ್ತಿಗಳನ್ನು ಬೇರ್ಪಡಿಸಿ ತೋರಿಸುವ) ಗುಂಡಿಯನ್ನು ಒತ್ತಿದಾಗ, ಮೂಲ ಆವೃತ್ತಿಯನ್ನು 0 ಡೆಸಿಬೆಲ್ ಎಂದು ಇಟ್ಟುಕೊಂಡರೆ, ಮೂರನೆಯ ಹಾರ್ಮೋನಿಕ್ ಸುಮಾರು −10, ಐದನೆಯದು ಸುಮಾರು −15 ಡೆಸಿಬೆಲ್‌ನಲ್ಲಿದ್ದವು. ಲೆಕ್ಕದ ಪ್ರಕಾರ ಇವು −9.5 ಮತ್ತು −14 ಇರಬೇಕು. ಅಷ್ಟು ವ್ಯತ್ಯಾಸವನ್ನು ಒಪ್ಪಿಕೊಳ್ಳಬಹುದು. ಆದರೆ ಇರಲೇಬಾರದ ಎರಡನೆಯ, ನಾಲ್ಕನೆಯ, ಆರನೆಯ ಹಾರ್ಮೋನಿಕ್‌ಗಳು ಮೂರೂ −19 ಮತ್ತು −20ರ ನಡುವೆ ಒಂದೇ ಎತ್ತರದಲ್ಲಿ ನಿಂತಿದ್ದವು. −17ರಲ್ಲಿ ಇರಬೇಕಾದ ಏಳನೆಯದೂ ಕುಗ್ಗಿ ಅವುಗಳ ಸಾಲಿಗೇ ಸೇರಿಕೊಂಡಿತ್ತು. ಸಮ ಹಾರ್ಮೋನಿಕ್‌ಗಳು ಯಾವುದೋ ಲೋಪದಿಂದ ಬಂದಿದ್ದರೂ, ಸಂಖ್ಯೆ ಹೆಚ್ಚಿದಂತೆ ಅವು ಕಡಿಮೆಯಾಗುತ್ತಾ ಹೋಗಬೇಕಿತ್ತಲ್ಲವೇ?

ಇದರ ಜೊತೆಗೆ ಇನ್ನೊಂದು ಸಂದೇಹವೂ ಇದೆ. 555ರ ಔಟ್‌ಪುಟ್ ಒಂದೋ ಮೇಲಿರುತ್ತದೆ, ಇಲ್ಲವೇ ಕೆಳಗಿರುತ್ತದೆ. ಒಳಗಿರುವ ಟ್ರಾನ್ಸಿಸ್ಟರ್ ಎಲ್ಲಿಯೂ ಸೈನ್ ತರಂಗವನ್ನು ತಯಾರಿಸುತ್ತಿಲ್ಲ. ಹಾಗಾದರೆ ಈ ಸೈನ್ ತರಂಗಗಳು ನಿಜವಾಗಿಯೂ ತಂತಿಯಲ್ಲಿ ಇವೆಯೇ, ಅಥವಾ ಲೆಕ್ಕದ ಅನುಕೂಲಕ್ಕಾಗಿ ನಾವು ಕಲ್ಪಿಸಿಕೊಂಡವೇ?

ಉತ್ತರ: ಹಳೇ ಬೋರ್ಡು

ನೀವು ಕೊಟ್ಟಿರುವ ರೆಸಿಸ್ಟರ್ ಬೆಲೆಗಳಲ್ಲಿಯೇ ಮೊದಲನೆಯ ಪ್ರಶ್ನೆಗೆ ಉತ್ತರವಿದೆ. ಈ ಜೋಡಣೆಯಲ್ಲಿ ಕೆಪ್ಯಾಸಿಟರ್ ಚಾರ್ಜ್ ಆಗುವುದು ಎರಡೂ ರೆಸಿಸ್ಟರುಗಳ ಮೂಲಕ, ಡಿಸ್ಚಾರ್ಜ್ ಆಗುವುದು ಕೆಳಗಿನ ಒಂದರ ಮೂಲಕ ಮಾತ್ರ. ಆದ್ದರಿಂದ ಔಟ್‌ಪುಟ್ ಸುಮಾರು 0.54 ಮಿಲಿಸೆಕೆಂಡ್ ಮೇಲಿದ್ದು, 0.47 ಮಿಲಿಸೆಕೆಂಡ್ ಕೆಳಗಿರುತ್ತದೆ. 7.8ನ್ನು 14.6ರಿಂದ ಭಾಗಿಸಿದರೆ ಡ್ಯೂಟಿ ಸೈಕಲ್ (ಆವರ್ತದಲ್ಲಿ ತರಂಗ ಮೇಲಿರುವ ಪಾಲು) ಶೇ. 53.4 ಎಂದು ಸಿಗುತ್ತದೆ. ಮೇಲಿನ ರೆಸಿಸ್ಟರನ್ನು ಎಷ್ಟೇ ಚಿಕ್ಕದು ಮಾಡಿದರೂ ಈ ಸರ್ಕ್ಯೂಟಿನಲ್ಲಿ ಅದು ಸರಿಯಾಗಿ 50ಕ್ಕೆ ಇಳಿಯುವುದಿಲ್ಲ. ಶೇ. 3.4ರ ವ್ಯತ್ಯಾಸವನ್ನು ಪರದೆಯ ಮೇಲೆ ಕಣ್ಣು ಗುರುತಿಸುವುದು ಕಷ್ಟ, ಎಫ್‌ಎಫ್‌ಟಿ ಬಿಡದೆ ಗುರುತಿಸುತ್ತದೆ.

ಸಮ ಹಾರ್ಮೋನಿಕ್‌ಗಳು ಸೊನ್ನೆಯಾಗುವುದಕ್ಕೆ ತರಂಗ ಚೌಕಾಕಾರವಾಗಿರುವುದು ಕಾರಣವಲ್ಲ ಎಂಬುದನ್ನು ಮೊದಲು ಗಮನಿಸಬೇಕು. ಅರ್ಧ ಆವರ್ತದಷ್ಟು ಸರಿಸಿ ತಲೆಕೆಳಗು ಮಾಡಿದರೆ ಮತ್ತೆ ಅದೇ ತರಂಗ ಸಿಗುತ್ತದೆ ಎಂಬ ಸಮ್ಮಿತಿಯೇ ಅದಕ್ಕೆ ಕಾರಣ. ಸಮ ಹಾರ್ಮೋನಿಕ್ ಯಾವುದೇ ಇರಲಿ, ಅರ್ಧ ಆವರ್ತದಲ್ಲಿ ಅದು ಪೂರ್ಣ ಸಂಖ್ಯೆಯ ಸುತ್ತುಗಳನ್ನು ಮುಗಿಸಿರುತ್ತದೆ, ಹೀಗಾಗಿ ಸರಿಸಿದರೂ ಬದಲಾಗುವುದಿಲ್ಲ. ಆಮೇಲೆ ತಲೆಕೆಳಗು ಮಾಡಿದಾಗಲೂ ಅದು ಮೊದಲಿನಂತೆಯೇ ಉಳಿಯಬೇಕೆಂದರೆ ಅದರ ಪಾರ ಸೊನ್ನೆಯೇ ಆಗಿರಬೇಕು. ತ್ರಿಕೋನ ತರಂಗಕ್ಕೂ ಇದೇ ಮಾತು ಅನ್ವಯಿಸುತ್ತದೆ. ನಿಮ್ಮ ತರಂಗದಲ್ಲಿ ಮೇಲಿನ ಭಾಗ ಕೆಳಗಿನ ಭಾಗಕ್ಕಿಂತ ಅಗಲವಾಗಿರುವುದರಿಂದ ಆ ಸಮ್ಮಿತಿ ಇಲ್ಲ.

ಸಾಮಾನ್ಯ ಸೂತ್ರ ಹೀಗಿದೆ: ಹಾರ್ಮೋನಿಕ್‌ನ ಸಂಖ್ಯೆಯನ್ನು ‘ನ’ ಎಂದೂ ಡ್ಯೂಟಿ ಸೈಕಲ್ಲನ್ನು ‘ಡ’ ಎಂದೂ ಕರೆದರೆ, ಪಾರವು ಸೈನ್(ನ × ಪೈ × ಡ) ÷ ನ ಎಂಬುದರ ಅನುಪಾತದಲ್ಲಿರುತ್ತದೆ. ‘ಡ’ ಬೆಲೆಯನ್ನು 0.534 ಎಂದು ಹಾಕಿ, ಮೂಲ ಆವೃತ್ತಿಗೆ ಹೋಲಿಸಿ ನೋಡಿ: ಎರಡನೆಯದು −19.4, ಮೂರನೆಯದು −9.95, ನಾಲ್ಕನೆಯದು −19.6, ಐದನೆಯದು −15.2, ಆರನೆಯದು −19.9, ಏಳನೆಯದು −19.6 ಡೆಸಿಬೆಲ್. ನೀವು ಅಳೆದ ಅಂಕಿಗಳು ಇವೇ. ಐದನೆಯದು ಮತ್ತು ಏಳನೆಯದು ಕುಗ್ಗಿದ್ದಕ್ಕೂ ಇದೇ ಸೂತ್ರ ಕಾರಣ ಕೊಡುತ್ತದೆ. ಅದನ್ನು ಅಳತೆಯ ದೋಷವೆಂದು ಒಪ್ಪಿಕೊಂಡು ಬಿಡಬೇಕಾಗಿಲ್ಲ.

ಇನ್ನು, ಸಮ ಹಾರ್ಮೋನಿಕ್‌ಗಳು ಒಂದೇ ಎತ್ತರದಲ್ಲಿ ಏಕೆ ನಿಂತಿವೆ? ನಿಮ್ಮ ಪ್ರಶ್ನೆಯಲ್ಲಿ ಅತ್ಯಂತ ಸ್ವಾರಸ್ಯಕರವಾದ ಅಂಶ ಇದೇ. ನಿಮ್ಮ ತರಂಗವನ್ನು ಎರಡು ತುಂಡುಗಳಾಗಿ ನೋಡಿ: ಒಂದು, ಸರಿಯಾಗಿ ಶೇ. 50 ಇರುವ ಆದರ್ಶ ಚೌಕ ತರಂಗ. ಇನ್ನೊಂದು, ಪ್ರತಿ ಆವರ್ತದಲ್ಲಿಯೂ ಒಮ್ಮೆ ಬರುವ, ಆವರ್ತದ ಶೇ. 3.4ರಷ್ಟು ಮಾತ್ರ ಅಗಲವಿರುವ ಒಂದು ಸಣ್ಣ ಪಲ್ಸ್. ಎರಡನ್ನೂ ಕೂಡಿಸಿದರೆ ನಿಮ್ಮ 555ರ ಔಟ್‌ಪುಟ್ ಸಿಗುತ್ತದೆ. ಮೊದಲನೆಯದರಲ್ಲಿ ಸಮ ಹಾರ್ಮೋನಿಕ್ ಇಲ್ಲವೇ ಇಲ್ಲ, ಆದ್ದರಿಂದ ನೀವು ಕಂಡ ಸಮ ಹಾರ್ಮೋನಿಕ್‌ಗಳು ಸಂಪೂರ್ಣವಾಗಿ ಆ ಸಣ್ಣ ಪಲ್ಸಿನವು. ಪಲ್ಸ್ ಕಿರಿದಾದಷ್ಟೂ ಅದರ ಸ್ಪೆಕ್ಟ್ರಮ್ ಅಗಲವಾಗಿ, ಸಪಾಟಾಗಿ ಹರಡಿಕೊಳ್ಳುತ್ತದೆ. ಮೊದಲ ಕೆಲವು ಹಾರ್ಮೋನಿಕ್‌ಗಳ ಮಟ್ಟಿಗೆ ಅದು ಗೆರೆ ಎಳೆದಂತೆ ಸಮತಟ್ಟಾಗಿಯೇ ಇರುತ್ತದೆ. ಆ ಗೆರೆಯ ಎತ್ತರದಿಂದ ಹಿಂದಕ್ಕೆ ಲೆಕ್ಕ ಹಾಕಿ ಡ್ಯೂಟಿ ಸೈಕಲ್ಲನ್ನೂ ಕಂಡುಹಿಡಿಯಬಹುದು: ಎರಡನೆಯ ಹಾರ್ಮೋನಿಕ್‌ಗೂ ಮೂಲ ಆವೃತ್ತಿಗೂ ಇರುವ ಅನುಪಾತವು ಕೊಸೈನ್(ಪೈ × ಡ) ಆಗಿರುತ್ತದೆ. ಡ್ಯೂಟಿ ಸೈಕಲ್ ಶೇ. 49 ಇದ್ದರೂ ಎರಡನೆಯದು −30 ಡೆಸಿಬೆಲ್‌ನಲ್ಲಿ ಸ್ಪಷ್ಟವಾಗಿ ಎದ್ದು ಕಾಣುತ್ತದೆ.

ಸರಿಯಾದ ಶೇ. 50 ಬೇಕಿದ್ದರೆ 555ರ ಔಟ್‌ಪುಟ್ಟನ್ನು 4013 ಫ್ಲಿಪ್‌ಫ್ಲಾಪಿನ ಕ್ಲಾಕಿಗೆ ಕೊಟ್ಟು, ಅದರ ಕ್ಯೂ-ಬಾರನ್ನು (ತಲೆಕೆಳಗಾದ ಔಟ್‌ಪುಟ್ಟನ್ನು) ಡಿ ಪಿನ್ನಿಗೆ ಸೇರಿಸಿ. ಏರುವ ಅಂಚಿಗೆ ಮಾತ್ರ ಅದು ಬದಲಾಗುವುದರಿಂದ 555ರ ಎರಡು ಭಾಗಗಳು ಎಷ್ಟೇ ಅಸಮವಾಗಿದ್ದರೂ ಹೊರಬರುವ ತರಂಗದ ಎರಡು ಅರ್ಧಗಳೂ ಸಮವಾಗಿರುತ್ತವೆ, ಆವೃತ್ತಿ ಮಾತ್ರ ಅರ್ಧಕ್ಕೆ ಇಳಿಯುತ್ತದೆ.

ಉತ್ತರ: ಗಣಿತ ಮೇಡಂ

ಎರಡನೆಯ ಸಂದೇಹವನ್ನು ‘ಇವೆ’ ಅಥವಾ ‘ಇಲ್ಲ’ ಎಂದು ಒಂದೇ ಮಾತಿನಲ್ಲಿ ಮುಗಿಸುವುದು ಸರಿಯಲ್ಲ ಎಂದು ನನಗೆ ಅನ್ನಿಸುತ್ತದೆ. ಶುದ್ಧ ಗಣಿತದ ದೃಷ್ಟಿಯಿಂದ ನೋಡಿದರೆ ಸೈನ್‌ಗಳಿಗೆ ವಿಶೇಷ ಹಕ್ಕೇನೂ ಇಲ್ಲ. 1923ರಲ್ಲಿ ಜೋಸೆಫ್ ವಾಲ್ಶ್ ಎಂಬ ಗಣಿತಜ್ಞರು +1 ಮತ್ತು −1 ಬೆಲೆಗಳನ್ನು ಮಾತ್ರ ಪಡೆಯುವ ಫಲನಗಳ ಒಂದು ಪೂರ್ಣ ವ್ಯವಸ್ಥೆಯನ್ನು ಪ್ರಕಟಿಸಿದರು. ಅದನ್ನು ಬಳಸಿದರೆ ನಿಮ್ಮ ಆದರ್ಶ ಚೌಕ ತರಂಗ ಒಂದೇ ಒಂದು ಪದದಲ್ಲಿ ಮುಗಿದುಹೋಗುತ್ತದೆ, ಬದಲಿಗೆ ಸೈನ್ ತರಂಗವನ್ನು ಬರೆಯಲು ಅನಂತ ಪದಗಳು ಬೇಕಾಗುತ್ತವೆ. ಅಲ್ಲಿ ಕುಳಿತು ನೋಡುವವರು ‘ಸೈನ್ ತರಂಗದೊಳಗೆ ನಿಜವಾಗಿಯೂ ಚೌಕ ತರಂಗಗಳಿವೆಯೇ’ ಎಂದು ಕೇಳಬಹುದು!

ಹಾಗಿದ್ದೂ ಎಲ್ಲರೂ ಸೈನ್‌ಗಳನ್ನೇ ಹಿಡಿದುಕೊಂಡಿರುವುದಕ್ಕೆ ಕಾರಣ ತರಂಗದಲ್ಲಿಲ್ಲ, ಅದು ಹಾದುಹೋಗುವ ಸರ್ಕ್ಯೂಟಿನಲ್ಲಿದೆ. ರೆಸಿಸ್ಟರ್, ಕೆಪ್ಯಾಸಿಟರ್, ಇಂಡಕ್ಟರುಗಳಿಂದ ಕಟ್ಟಿದ, ಕಾಲಕ್ಕೆ ತಕ್ಕಂತೆ ಬದಲಾಗದ ಯಾವುದೇ ರೇಖೀಯ ಸರ್ಕ್ಯೂಟಿಗೆ ಸೈನ್ ತರಂಗವನ್ನು ನಿರಂತರವಾಗಿ ಕೊಟ್ಟರೆ ಹೊರಗೂ ಅದೇ ಆವೃತ್ತಿಯ ಸೈನ್ ತರಂಗವೇ ಬರುತ್ತದೆ. ಪಾರ ಮತ್ತು ಫೇಸ್ ಮಾತ್ರ ಬದಲಾಗುತ್ತವೆ, ಆಕಾರ ಕೆಡುವುದಿಲ್ಲ. ಚೌಕ ತರಂಗಕ್ಕೆ ಈ ಯೋಗ್ಯತೆ ಇಲ್ಲ; ಒಂದು ಆರ್‌ಸಿ ಫಿಲ್ಟರಿನ ಮೂಲಕ ಹಾಯಿಸಿದರೆ ಅದರ ಮೂಲೆಗಳು ದುಂಡಾಗಿ ಅದು ಬೇರೆಯೇ ತರಂಗವಾಗಿಬಿಡುತ್ತದೆ. ಸರ್ಕ್ಯೂಟು ಪ್ರತಿಯೊಂದು ಸೈನನ್ನೂ ಬೇರೆ ಬೇರೆಯಾಗಿ, ಒಂದರ ಪರಿವೆ ಇನ್ನೊಂದಕ್ಕೆ ಇಲ್ಲದಂತೆ ನಡೆಸಿಕೊಳ್ಳುತ್ತದೆ. ಆ ಅರ್ಥದಲ್ಲಿ ಅವು ತಂತಿಯಲ್ಲಿ ‘ಇವೆ’.

ಪ್ರಯೋಗದಿಂದಲೂ ನೋಡಬಹುದು. ಫ್ಲಿಪ್‌ಫ್ಲಾಪಿನಿಂದ ಬಂದ ತರಂಗವನ್ನು, ಅದರ ಮೂರರಷ್ಟು ಆವೃತ್ತಿಗೆ ಟ್ಯೂನ್ ಮಾಡಿದ, ಕ್ಯೂ ಬೆಲೆ (ಫಿಲ್ಟರ್ ಹಾಯಲು ಬಿಡುವ ಪಟ್ಟಿ ಎಷ್ಟು ಕಿರಿದು ಎಂಬ ಅಳತೆ) 10 ಇರುವ ಒಂದು ಬ್ಯಾಂಡ್‌ಪಾಸ್ ಫಿಲ್ಟರಿಗೆ ಕೊಡಿ. ಹೊರಗೆ ಮೂರನೆಯ ಹಾರ್ಮೋನಿಕ್‌ನ ಸೈನ್ ತರಂಗ ಸ್ಪಷ್ಟವಾಗಿ ಕಾಣುತ್ತದೆ. ಅದರ ಪಾರದ ಶೇ. 11ರಷ್ಟು ಮೂಲ ಆವೃತ್ತಿಯೂ ಶೇ. 6ಕ್ಕಿಂತ ತುಸು ಕಡಿಮೆ ಐದನೆಯದೂ ನುಸುಳಿರುತ್ತವೆಯಾದ್ದರಿಂದ ಗರಿಗಳ ಎತ್ತರ ಸ್ವಲ್ಪ ಏರಿಳಿಯುವುದನ್ನು ನಿರೀಕ್ಷಿಸಬೇಕು. ಅದೇ ಫಿಲ್ಟರನ್ನು ಎರಡರಷ್ಟು ಆವೃತ್ತಿಗೆ ಟ್ಯೂನ್ ಮಾಡಿದರೆ ಅಕ್ಕಪಕ್ಕದವುಗಳ ಸೋರಿಕೆಯನ್ನು ಬಿಟ್ಟು ಬೇರೇನೂ ಸಿಗುವುದಿಲ್ಲ. ಹಿಂದೆ ಹ್ಯಾಮ್ ರೇಡಿಯೊ ಬಳಸುವವರು ರಿಸೀವರಿನ ಡಯಲ್ ಸರಿಪಡಿಸಿಕೊಳ್ಳಲು 100 ಕಿಲೋಹರ್ಟ್ಸ್ ಕ್ರಿಸ್ಟಲ್ ಆಸಿಲೇಟರ್ ಇಟ್ಟುಕೊಂಡು, ಶಾರ್ಟ್‌ವೇವ್ ಪಟ್ಟಿಯುದ್ದಕ್ಕೂ ಪ್ರತಿ 100 ಕಿಲೋಹರ್ಟ್ಸ್‌ಗೆ ಒಂದರಂತೆ ಕೇಳಿಬರುವ ಅದರ ಹಾರ್ಮೋನಿಕ್‌ಗಳನ್ನು ಗುರುತಾಗಿ ಬಳಸುತ್ತಿದ್ದರು. ಕಲ್ಪನೆಯ ತರಂಗ ರಿಸೀವರಿನಲ್ಲಿ ಕೇಳಿಸಲಾರದು.

ಉತ್ತರ: ಯುಪಿಎಸ್ ರಿಪೇರಿ

ಮೇಡಂ ಅವರ ಮಾತಿಗೆ ಮನೆಯ ಇನ್ವರ್ಟರಿನಿಂದ ಒಂದು ಪುರಾವೆಯನ್ನು ಸೇರಿಸುತ್ತೇನೆ. ಹಳೆಯ ಅಗ್ಗದ ಇನ್ವರ್ಟರುಗಳು 50 ಹರ್ಟ್ಸ್‌ನ ಚೌಕ ತರಂಗವನ್ನೇ ಕೊಡುತ್ತವೆ. ಅದರ ಆರ್‌ಎಂಎಸ್ ಬೆಲೆ (ವರ್ಗಗಳ ಸರಾಸರಿಯ ವರ್ಗಮೂಲ) 230 ವೋಲ್ಟ್ ಇದ್ದರೆ, ಮೂಲ ಆವೃತ್ತಿಯ ಪಾಲಿಗೆ ಸಿಗುವುದು ಅದರ ಶೇ. 90, ಅಂದರೆ 207 ವೋಲ್ಟ್ ಮಾತ್ರ. ಉಳಿದ ಹಾರ್ಮೋನಿಕ್‌ಗಳೆಲ್ಲ ಸೇರಿ ಸುಮಾರು 100 ವೋಲ್ಟ್ ಆಗುತ್ತವೆ: 150 ಹರ್ಟ್ಸ್‌ನಲ್ಲಿ 69, 250 ಹರ್ಟ್ಸ್‌ನಲ್ಲಿ 41, ಹೀಗೆ. 207ರ ವರ್ಗಕ್ಕೆ 100ರ ವರ್ಗ ಕೂಡಿಸಿದರೆ 230ರ ವರ್ಗ ಬರುತ್ತದೆಯೋ ಇಲ್ಲವೋ ನೀವೇ ನೋಡಿ. ಶಕ್ತಿಯ ಲೆಕ್ಕದಲ್ಲಿ ಹೇಳುವುದಾದರೆ ಶೇ. 81 ಮೂಲ ಆವೃತ್ತಿಯಲ್ಲಿ, ಶೇ. 9 ಮೂರನೆಯದರಲ್ಲಿ, ಶೇ. 3.2 ಐದನೆಯದರಲ್ಲಿ ಇರುತ್ತದೆ.

ಸೀಲಿಂಗ್ ಫ್ಯಾನನ್ನು ತಿರುಗಿಸುವುದು ಆ 207 ವೋಲ್ಟಿನ ಪಾಲು. ಉಳಿದದ್ದರಲ್ಲಿ ಹೆಚ್ಚಿನದು ವೈಂಡಿಂಗ್ ಮತ್ತು ಕಬ್ಬಿಣವನ್ನು ಬಿಸಿ ಮಾಡುವುದರಲ್ಲಿ, ಮತ್ತು ಕಿವಿಗೆ ಕೇಳುವ ಆ ಗುಂಯ್ ಎಂಬ ಸದ್ದಿನಲ್ಲಿ ಕಳೆದುಹೋಗುತ್ತದೆ. ಕಾಂತೀಯ ಬಲವು ಫ್ಲಕ್ಸಿನ ವರ್ಗವನ್ನು ಅನುಸರಿಸುವುದರಿಂದ, ಸರ್ಕಾರಿ ಲೈನಿನಲ್ಲಿ ಮುಖ್ಯವಾಗಿ 100 ಹರ್ಟ್ಸ್‌ನಲ್ಲಿ ಇರುವ ಕಂಪನಕ್ಕೆ ಇನ್ವರ್ಟರಿನಲ್ಲಿ 200, 300 ಹರ್ಟ್ಸ್ ಕೂಡ ಬಲವಾಗಿ ಸೇರಿಕೊಳ್ಳುತ್ತವೆ, ಮತ್ತು ನಮ್ಮ ಕಿವಿ ಆ ಮೇಲಿನ ಆವೃತ್ತಿಗಳನ್ನು ಹೆಚ್ಚು ಚೆನ್ನಾಗಿ ಹಿಡಿಯುತ್ತದೆ. ಫ್ಯಾನ್ ಕೆಟ್ಟಿದೆಯೆಂದು ಬಿಚ್ಚಿ ತರುವವರಿಗೆ ಇದನ್ನು ವಿವರಿಸಿ ಸಾಕಾಗಿದೆ.

ರಿಪೇರಿ ಕಲಿಯುವವರು ಎಡವುವ ಇನ್ನೊಂದು ಜಾಗವಿದೆ. ಟ್ರೂ ಆರ್‌ಎಂಎಸ್ ಅಲ್ಲದ ಸಾಧಾರಣ ಮಲ್ಟಿಮೀಟರು ಸರಾಸರಿಯನ್ನು ಅಳೆದು, ಬಂದದ್ದು ಸೈನ್ ತರಂಗವೆಂದೇ ನಂಬಿ ಅದನ್ನು 1.11ರಿಂದ ಗುಣಿಸಿ ತೋರಿಸುತ್ತದೆ. 230 ವೋಲ್ಟಿನ ಚೌಕ ತರಂಗಕ್ಕೆ ಅದು 255 ವೋಲ್ಟ್ ಎನ್ನುತ್ತದೆ. ಅದನ್ನು ನಂಬಿ ಪ್ರಿಸೆಟ್ (ವೋಲ್ಟೇಜ್ ಹೊಂದಿಸುವ ಪುಟ್ಟ ತಿರುಪು) ತಿರುಗಿಸಿ ಕಡಿಮೆ ಮಾಡಿದರೆ ಫ್ಯಾನ್ ಇನ್ನಷ್ಟು ನಿಧಾನವಾಗುತ್ತದೆ.

‘ಮಾಡಿಫೈಡ್ ಸೈನ್’ ಎಂದು ಮಾರಾಟವಾಗುವ ಇನ್ವರ್ಟರುಗಳು, ಹಳೇ ಬೋರ್ಡು ಸರ್ ಕೊಟ್ಟ ಸೂತ್ರವನ್ನೇ ತಮ್ಮ ಅನುಕೂಲಕ್ಕೆ ಬಳಸಿಕೊಳ್ಳುತ್ತವೆ. ಧನ ಮತ್ತು ಋಣ ಪಲ್ಸುಗಳ ನಡುವೆ ಸ್ವಲ್ಪ ಹೊತ್ತು ಸೊನ್ನೆಯಲ್ಲಿ ನಿಲ್ಲಿಸಿ, ಪ್ರತಿ ಪಲ್ಸಿನ ಅಗಲವನ್ನು 180 ಡಿಗ್ರಿಯಿಂದ 120 ಡಿಗ್ರಿಗೆ ಇಳಿಸಿದರೆ ಮೂರನೆಯ ಮತ್ತು ಒಂಬತ್ತನೆಯ ಹಾರ್ಮೋನಿಕ್‌ಗಳು ಪೂರ್ತಿ ಮಾಯವಾಗುತ್ತವೆ, ಒಟ್ಟು ಹಾರ್ಮೋನಿಕ್ ವಿಕೃತಿ (ಮೂಲ ಆವೃತ್ತಿಗೆ ಹೋಲಿಸಿದಾಗ ಉಳಿದವೆಲ್ಲದರ ಪ್ರಮಾಣ) ಶೇ. 48ರಿಂದ ಶೇ. 31ಕ್ಕೆ ಇಳಿಯುತ್ತದೆ. ಆದರೆ ಪಲ್ಸನ್ನು 90 ಡಿಗ್ರಿಗೆ ಇಳಿಸಿ ಎತ್ತರವನ್ನು 325 ವೋಲ್ಟಿಗೆ ಏರಿಸಿದರೆ ಆರ್‌ಎಂಎಸ್ ಮತ್ತು ಗರಿಷ್ಠ ವೋಲ್ಟೇಜ್ ಎರಡೂ ಸರ್ಕಾರಿ ಲೈನಿಗೆ ಸರಿಹೊಂದುತ್ತವೆ. ಆಗ ಮೂರನೆಯ ಹಾರ್ಮೋನಿಕ್ ಮತ್ತೆ ಮೂರನೇ ಒಂದು ಪಾಲಿಗೆ ಬಂದು ಕೂರುತ್ತದೆ. ಒಂದನ್ನು ಬಯಸಿದರೆ ಇನ್ನೊಂದನ್ನು ಬಿಡಬೇಕು.

ಪ್ರತಿಕ್ರಿಯೆ: ಲ್ಯಾಬ್‌ಮೇಟ್

ಎಲ್ಲರಿಗೂ ಧನ್ಯವಾದಗಳು. 4013 ಸೇರಿಸಿ ನೋಡಿದೆ. 495 ಹರ್ಟ್ಸ್‌ನ ತರಂಗ ಬಂತು. ಎರಡನೆಯ, ನಾಲ್ಕನೆಯ ಹಾರ್ಮೋನಿಕ್‌ಗಳು ಪರದೆಯ ತಳದ ಗದ್ದಲದಲ್ಲಿ ಮುಳುಗಿಹೋದವು, ಮೂರನೆಯದು −9.5ಕ್ಕೆ, ಏಳನೆಯದು −17ಕ್ಕೆ ಬಂದು ನಿಂತಿವೆ.

ಒಂದು ವಿಷಯ ಉಳಿದಿದೆ. ಪೈಥಾನ್‌ನಲ್ಲಿ ಶ್ರೇಣಿಯ ಪದಗಳನ್ನು ಕೂಡಿಸುತ್ತಾ ಹೋದಾಗ ಮೂಲೆಯ ಹತ್ತಿರ ತರಂಗವು 1ನ್ನು ದಾಟಿ 1.18ರವರೆಗೆ ಮೇಲೇಳುತ್ತದೆ. 10 ಪದ ಕೂಡಿಸಿದರೂ ಅಷ್ಟೇ, 100 ಪದ ಕೂಡಿಸಿದರೂ ಅಷ್ಟೇ. ಸ್ಕೋಪಿನಲ್ಲಿಯೂ ಏರುವ ಅಂಚಿನ ತುದಿಯಲ್ಲಿ ಇಂಥದೇ ಒಂದು ಕೊಂಬು ಕಾಣುತ್ತಿದೆ. ಎರಡೂ ಒಂದೆಯೇ?

ಉತ್ತರ: ಗಣಿತ ಮೇಡಂ

ಎರಡೂ ಬೇರೆ ಬೇರೆ. ಪೈಥಾನ್‌ನಲ್ಲಿ ಕಂಡದ್ದು ಗಿಬ್ಸ್ ಪರಿಣಾಮ. ಪದಗಳ ಸಂಖ್ಯೆ ಎಷ್ಟೇ ಹೆಚ್ಚಿದರೂ ಮೊದಲ ಗರಿಯ ಎತ್ತರ 1.179ರ ಹತ್ತಿರವೇ ಉಳಿಯುತ್ತದೆ. ಒಟ್ಟು ಜಿಗಿತ 2 ಆಗಿರುವುದರಿಂದ ಇದು ಜಿಗಿತದ ಸುಮಾರು ಶೇ. 9. ಬದಲಾಗುವುದು ಆ ಗರಿಯ ಜಾಗ ಮಾತ್ರ. 1 ಕಿಲೋಹರ್ಟ್ಸ್ ತರಂಗಕ್ಕೆ 10 ಪದಗಳನ್ನು ಕೂಡಿಸಿದಾಗ ಅದು ಅಂಚಿನಿಂದ 25 ಮೈಕ್ರೋಸೆಕೆಂಡ್ ದೂರದಲ್ಲಿರುತ್ತದೆ, 100 ಪದಗಳಿಗೆ 2.5 ಮೈಕ್ರೋಸೆಕೆಂಡಿಗೆ ಸರಿಯುತ್ತದೆ. ನೀವು ಯಾವುದೇ ಒಂದು ಕ್ಷಣವನ್ನು ಆರಿಸಿಕೊಂಡು ಅಲ್ಲಿಯೇ ಕಣ್ಣಿಟ್ಟು ಕಾದರೆ ಕೊಂಬು ಅದನ್ನು ದಾಟಿ ಅಂಚಿನತ್ತ ಹೋಗಿಬಿಡುತ್ತದೆ, ಅಲ್ಲಿನ ಮೊತ್ತ 1ಕ್ಕೆ ಬಂದು ಸೇರುತ್ತದೆ. ಕೊಂಬಿನಲ್ಲಿರುವ ಶಕ್ತಿಯೂ ಸೊನ್ನೆಯತ್ತ ಇಳಿಯುತ್ತದೆ.

ಫೋರಿಯರ್ 1807ರಲ್ಲಿ ಶಾಖದ ಹರಿವಿನ ಕುರಿತು ಪ್ಯಾರಿಸ್ಸಿನ ವಿದ್ವತ್ಸಂಸ್ಥೆಗೆ ಪ್ರಬಂಧ ಸಲ್ಲಿಸಿದಾಗ ಗಣಿತಜ್ಞ ಲಗ್ರಾಂಜ್ ಅದನ್ನು ಒಪ್ಪಿರಲಿಲ್ಲ. 1822ರ ಗ್ರಂಥದಲ್ಲಿ ಫೋರಿಯರ್ ಬಿಡಿಸಿ ತೋರಿಸಿದ ಮೊದಲ ಉದಾಹರಣೆಗಳಲ್ಲಿ, ಕೊಸೈನ್ ರೂಪದಲ್ಲಿ, ಇದೇ ಚೌಕ ತರಂಗವಿದೆ. ಮೂಲೆಯ ಈ ಕೊಂಬನ್ನು 1848ರಲ್ಲಿಯೇ ಹೆನ್ರಿ ವಿಲ್‌ಬ್ರಹಾಂ ಲೆಕ್ಕ ಹಾಕಿದ್ದರೂ ಅದು ಯಾರ ಗಮನಕ್ಕೂ ಬರಲಿಲ್ಲ. 1898ರಲ್ಲಿ ಮೈಕಲ್ಸನ್ ಮತ್ತು ಸ್ಟ್ರಾಟನ್ 80 ಪದಗಳನ್ನು ಕೂಡಿಸಬಲ್ಲ ಯಂತ್ರವನ್ನು ಕಟ್ಟಿದರು; ಅದೇ ವರ್ಷ ಶ್ರೇಣಿಯ ಮೊತ್ತದ ಬಗ್ಗೆ ನೇಚರ್ ಪತ್ರಿಕೆಯಲ್ಲಿ ಪತ್ರಗಳ ವಾದ ನಡೆಯಿತು, 1899ರ ಪತ್ರದಲ್ಲಿ ಗಿಬ್ಸ್ ಸರಿಯಾದ ವಿವರಣೆ ಕೊಟ್ಟರು. ಗಿಬ್ಸ್ ಹೆಸರು ಇದಕ್ಕೆ ಅಂಟಿದ್ದು 1906ರಲ್ಲಿ ಮ್ಯಾಕ್ಸಿಂ ಬೋಶರ್ ಬರೆದ ಲೇಖನದಿಂದ.

ನಿಮ್ಮ ಸ್ಕೋಪಿನ ಕೊಂಬಿಗೆ ಬರೋಣ. ನಿಜವಾದ ತರಂಗದ ಅಂಚು ಲಂಬವಾಗಿರುವುದಿಲ್ಲ. ಉದಾಹರಣೆಗೆ 555ರ ಔಟ್‌ಪುಟ್ ಏರಲು ಸುಮಾರು 100 ನ್ಯಾನೋಸೆಕೆಂಡ್ ತೆಗೆದುಕೊಳ್ಳುತ್ತದೆ. ಇದರಿಂದಾಗಿ ಹಾರ್ಮೋನಿಕ್‌ಗಳು ಸುಮಾರು 3 ಮೆಗಾಹರ್ಟ್ಸ್‌ವರೆಗೆ ಸಂಖ್ಯೆಗೆ ವಿಲೋಮವಾಗಿ ಇಳಿದು, ಅಲ್ಲಿಂದ ಮುಂದೆ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿ, ಇನ್ನೂ ವೇಗವಾಗಿ ಇಳಿಯುತ್ತವೆ. ಹಾಗೆ ಇಳಿಯುವ ಶ್ರೇಣಿಯಲ್ಲಿ ಸಾಕಷ್ಟು ಪದಗಳನ್ನು ಕೂಡಿಸಿದರೆ ಗಿಬ್ಸ್ ಕೊಂಬು ಉಳಿಯುವುದೇ ಇಲ್ಲ.

ಉತ್ತರ: ಹಳೇ ಬೋರ್ಡು

ಸ್ಕೋಪಿನ ಕೊಂಬಿಗೆ ಮೊದಲು ಪ್ರೋಬನ್ನು ಅನುಮಾನಿಸಿ. ಪ್ರೋಬನ್ನು 10 ಪಟ್ಟಿನ ಸ್ಥಾನದಲ್ಲಿಟ್ಟು, ಸ್ಕೋಪಿನ ಮುಂಭಾಗದಲ್ಲಿರುವ 1 ಕಿಲೋಹರ್ಟ್ಸ್‌ನ ಪರೀಕ್ಷಾ ಕೊಕ್ಕೆಗೆ ಸಿಕ್ಕಿಸಿ, ಮೂಲೆಗಳು ಚಪ್ಪಟೆಯಾಗುವವರೆಗೆ ಪ್ರೋಬಿನ ಪುಟ್ಟ ಸ್ಕ್ರೂವನ್ನು ತಿರುಗಿಸಿ. ಕೊಂಬು ಮೇಲೆದ್ದಿದ್ದರೆ ಪ್ರೋಬ್ ಮೇಲಿನ ಹಾರ್ಮೋನಿಕ್‌ಗಳನ್ನು ಹೆಚ್ಚಿಸಿ ತೋರಿಸುತ್ತಿದೆ, ಮೂಲೆ ದುಂಡಾಗಿದ್ದರೆ ಅವುಗಳನ್ನು ತಿನ್ನುತ್ತಿದೆ ಎಂದರ್ಥ. ಪ್ರೋಬ್ ಸರಿಯಿದ್ದೂ ಕೊಂಬು ಉಳಿದರೆ ಅರ್ತ್ ಕ್ಲಿಪ್ಪಿನ ಉದ್ದನೆಯ ತಂತಿಯನ್ನು ಗಿಡ್ಡ ಮಾಡಿ ನೋಡಿ.

ಗಿಬ್ಸ್‌ನಿಂದ ಇದನ್ನು ಬೇರ್ಪಡಿಸುವುದಕ್ಕೆ ಸುಲಭದ ಗುರುತು ಇದೆ. ಪೈಥಾನ್ ಚಿತ್ರದಲ್ಲಿ ಅಲೆಗಳು ಅಂಚಿನ ಎರಡೂ ಬದಿಗೆ ಸಮನಾಗಿರುತ್ತವೆ. ನಿಜವಾದ ಸರ್ಕ್ಯೂಟು ಅಂಚು ಬರುವ ಮೊದಲೇ ಅಲುಗಾಡಲಾರದು, ಆದ್ದರಿಂದ ಅದರ ಕಂಪನ ಅಂಚಿನ ನಂತರ ಮಾತ್ರ ಇರುತ್ತದೆ. ಡಿಜಿಟಲ್ ಸ್ಕೋಪಿನಲ್ಲಿ ಅಂಚಿಗೆ ಮೊದಲೂ ಸಣ್ಣ ಅಲೆ ಕಂಡರೆ, ಸ್ಯಾಂಪಲ್‌ಗಳ ನಡುವಿನ ಜಾಗವನ್ನು ಸ್ಕೋಪು ಸಿಂಕ್ ಇಂಟರ್‌ಪೊಲೇಷನ್‌ನಿಂದ ತುಂಬುತ್ತಿರುವ ಸಾಧ್ಯತೆ ಹೆಚ್ಚು. ಡಿಸ್‌ಪ್ಲೇಯನ್ನು ಡಾಟ್ಸ್ ಮೋಡಿಗೆ ತಿರುಗಿಸಿದರೆ ಸ್ಯಾಂಪಲ್‌ಗಳ ನಡುವೆ ತುಂಬಿದ ಆ ಅಲೆ ಪರದೆಯಿಂದ ಹೋಗಿ, ನಿಜವಾಗಿ ಅಳೆದ ಬಿಂದುಗಳು ಮಾತ್ರ ಉಳಿಯುತ್ತವೆ.